ರಿವೈಂಡ್ ಮಾಡಿದ ಕಳ್ಳ

"ಅಲ್ಲೇ ನಿಲ್ಸು," ಎಂದಳು ಅಂಬ್ರೀನ್.

ಜೀಶಾನ್ ಗುಂಡಿ ಒತ್ತಿದ. ಪರದೆಯ ಮೇಲಿನ ಮದುವೆಮನೆ ಇದ್ದ ಹಾಗೇ ನಿಂತುಬಿಟ್ಟಿತು. ಶಾಮಿಯಾನದ ಕೆಳಗೆ ಹಳದಿ ಬಲ್ಬುಗಳು, ಜಮಖಾನದ ನಡುವೆ ಮಲ್ಲಿಗೆಯ ರಾಶಿ, ಸುತ್ತ ಹೂ ಕಟ್ಟುತ್ತ ಕೂತ ಹೆಂಗಸರು. ಅವರಲ್ಲೊಬ್ಬಳು ಅಂಬ್ರೀನಳ ಅಮ್ಮಿ ಶಕೀಲಾ. ಕ್ಯಾಮೆರಾ ತನ್ನತ್ತ ತಿರುಗಿದ್ದು ಗೊತ್ತಾದ ಕೂಡಲೇ ಸೆರಗನ್ನು ತುಟಿಗೆ ತಂದುಕೊಂಡು ನಗುವ ಅದೇ ಅಮ್ಮಿ. ಆಕೆ ತೀರಿಕೊಂಡ ಮೇಲೆ ಆ ನಗು ಉಳಿದದ್ದು ಈ ತುಣುಕಿನಲ್ಲಿ ಮಾತ್ರ.

ಅಮ್ಮಿಯ ಭುಜಕ್ಕೆ ಭುಜ ತಾಗಿಸಿ ಕೂತಿದ್ದವಳು ಹಸಿರು ಇಳಕಲ್ ಸೀರೆಯ ಹೆಂಗಸು. ಮಡಿಲಲ್ಲಿ ಅಗಲವಾದ ಹೂಬುಟ್ಟಿ. ಎಡ ಹುಬ್ಬಿನ ಮೇಲೆ ಹಳೇ ಗಾಯದ ಗೆರೆ.

"ಕಾವೇರಿ ಕಳ್ಸಿರೋ ಫೋಟೋದಲ್ಲೂ ಆ ಗೆರೆ ಇದೆ," ಎಂದ ಜೀಶಾನ್. "ಅನುಮಾನವೇ ಇಲ್ಲ ಕಣೆ. ಇದು ಅವಳಮ್ಮ ಶೇಷಮ್ಮನೇ."

"ಇದು ಅಮ್ಮಿ ತಂಗಿ ಖುರ್ಷೀದಾ ಖಾಲಾ ಮದುವೆ. ಎರಡು ಸಾವಿರದ ಒಂದು. ನಂಗಾಗ ಹತ್ತು ವರ್ಷ, ಈ ಮದುವೆಗೇ ಮೊದಲ ಸಲ ಶರಾರಾ ಹೊಲಿಸ್ಕೊಂಡಿದ್ದು. ಶೇಷಮ್ಮ ಹೋಗಿದ್ದು ಅದಕ್ಕಿಂತ ಎರಡು ವರ್ಷ ಮುಂಚೆ ಅಂತಾರೆ. ಸತ್ತವಳು ನಮ್ಮಮ್ಮಿ ಪಕ್ಕ ಕೂತು ಹೂ ಹೇಗೆ ಕಟ್ತಾಳೆ?"

ಉತ್ತರ ಇದ್ದದ್ದು ಆ ಮದುವೆಯ ಮೂಲ ಕ್ಯಾಸೆಟ್ಟಿನಲ್ಲಿ. ಅದು ಕಳೆದ ಸೋಮವಾರ ಇದೇ ಕೋಣೆಯ ಬೀರುವಿನಿಂದ ಮಾಯವಾಗಿತ್ತು.

ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ, ಶಬನಮ್ ಸ್ಟುಡಿಯೋದ ಮಹಡಿಯ ಮೇಲೆ ಗಂಡಹೆಂಡಿರ ಆಫೀಸು. ಸ್ಟುಡಿಯೋ ಜೀಶಾನನ ಅಬ್ಬಾ ಶಫಿಯದು. ಶಿವಾಜಿನಗರ, ಫ್ರೇಜರ್ ಟೌನ್, ಹಲಸೂರಿನ ಮದುವೆಗಳಿಗೆಲ್ಲ ಒಂದು ಕಾಲಕ್ಕೆ ಅವನದೇ ಕ್ಯಾಮೆರಾ. ಮಸೀದಿಯ ನಿಕಾಹ್ ಮುಗಿಸಿ, ಅದೇ ದಿನ ಹಲಸೂರಿನ ಛತ್ರದ ಧಾರೆಗೆ ಓಡುತ್ತಿದ್ದ ಮನುಷ್ಯ.

ಲಾಕ್‌ಡೌನಿನಲ್ಲಿ ಸ್ಟುಡಿಯೋ ಶಟರ್ ಇಳಿಯಿತು. ಮಾರತ್ತಹಳ್ಳಿಯ ಕಂಪನಿಯಲ್ಲಿ ಅಂಬ್ರೀನಳ ಕೆಲಸವೂ ಹೋಯಿತು. ಆಗಲೇ ಪಕ್ಕದ ಬೀದಿಯ ಒಂದು ನಿಕಾಹನ್ನು ಜೀಶಾನ್ ಫೋನಿನಲ್ಲೇ ಹಿಡಿದು ಮದುಮಗಳ ಅಜ್ಜಿಗೆ, ವೇಲೂರಿನಲ್ಲಿ ಸಿಕ್ಕಿಬಿದ್ದಿದ್ದವಳಿಗೆ, ವಿಡಿಯೋ ಕಾಲಿನಲ್ಲಿ ತೋರಿಸಿದ. ಅಜ್ಜಿ ಅತ್ತದ್ದನ್ನು ಇಡೀ ಬೀದಿ ನೋಡಿತು. ಮರುದಿನ ಇನ್ನೊಬ್ಬರು ಕೇಳಿಕೊಂಡು ಬಂದರು. ಅಡುಗೆಯವರು ಬೇಕು, ಹೂವಿನವರು ಬೇಕು, ಮೆಹೆಂದಿಯವರು ಬೇಕು, ಎಲ್ಲ ಒಂದೇ ಕಡೆ ಸಿಗುವಂತಿದ್ದರೆ ಎಂದು ಅಂಬ್ರೀನ್ ಯೋಚಿಸಿದಳು. ಹಾಗೆ ಹುಟ್ಟಿದ್ದು 'ಸೆಹರಾ ಬಾಸಿಂಗ' ಎಂಬ ವೆಬ್‌ಸೈಟು. ಅಮ್ಮಿ ಮದುಮಕ್ಕಳ ಮುಖದ ಮೇಲೆ ಇಳಿಬಿಡುವ ಹೂವಿನ ಸೆಹರಾ ಕಟ್ಟಿ ಮನೆ ನಡೆಸಿದವಳು; ಹೆಸರಿನ ಮೊದಲರ್ಧ ಅವಳ ನೆನಪಿಗೆ. ಮನೆಯಲ್ಲಿ ದಖ್ನಿ, ಆಫೀಸಿನಲ್ಲಿ ಕನ್ನಡ ಎಂಬುದು ಗಂಡಹೆಂಡಿರ ಕರಾರು.

ಸೈಟಿಗೆ ಜನ ಮುಗಿಬಿದ್ದದ್ದು ಮಾತ್ರ ಬೇರೆ ಕಾರಣಕ್ಕೆ. ಶಫಿಯ ಬೀರುವಿನಲ್ಲಿ ಬೂಷ್ಟು ಹಿಡಿಯುತ್ತಿದ್ದ ಮದುವೆ ಕ್ಯಾಸೆಟ್ಟುಗಳಿಂದ ಚಿಕ್ಕ ಚಿಕ್ಕ ತುಣುಕು ತೆಗೆದು, ಮನೆಯವರನ್ನು ಕೇಳಿ, 'ಹಳೇ ಮದುವೆ' ಎಂಬ ಪುಟದಲ್ಲಿ ಹಾಕತೊಡಗಿದರು. ಬ್ರಾಸ್ ಬ್ಯಾಂಡಿನವರ ಕೆಂಪು ಕೋಟು, ಅಂಬಾಸಿಡರ್ ಕಾರಿನ ಬಾನೆಟ್ಟಿಗೆ ಅಂಟಿಸಿದ ಥರ್ಮೋಕೋಲ್ ಹೆಸರು, ಊಟದ ಪಂಕ್ತಿಯಲ್ಲಿ ಕ್ಯಾಮೆರಾ ಬಂದಾಗ ಅಗಿಯುವುದನ್ನೇ ನಿಲ್ಲಿಸುವ ದೊಡ್ಡವರು. ಜನ ತಮ್ಮ ತಾತನನ್ನು, ಅತ್ತೆಯನ್ನು, ಕೆಡವಿಹಾಕಿದ ಮನೆಯನ್ನು ಹುಡುಕಿಕೊಂಡು ಬಂದರು.

ಕಾವೇರಿಗೆ ಸಿಕ್ಕಿದ್ದು ಅಮ್ಮ.

ಕೆ.ಆರ್. ಪುರದ ಬಾಡಿಗೆ ಮನೆಯಲ್ಲಿ ಅಪ್ಪನೊಬ್ಬನೇ ಬೆಳೆಸಿದ ಹುಡುಗಿ ಕಾವೇರಿ. ಅಪ್ಪ ಪೀರಪ್ಪ ಸೇಡಂ ಕಡೆಯವನು, ವಿಮಾನಪುರದ ಕ್ಯಾಂಟೀನೊಂದರಲ್ಲಿ ದುಡಿದು ನಿವೃತ್ತನಾದವನು. ಅಮ್ಮ ನೀನು ಅಂಬೆಗಾಲಿಡುವಾಗಲೇ ಜ್ವರ ಬಂದು ಹೋದಳು ಎಂದು ಹೇಳಿ, ಒಂದು ಫೋಟೋ ಕೊಟ್ಟು, ಆ ಮಾತನ್ನು ಅಲ್ಲಿಗೇ ಮುಗಿಸಿದ್ದ. ಈ ಭಾನುವಾರ ಹಲಸೂರಿನ ಛತ್ರದಲ್ಲಿ ಕಾವೇರಿಯ ಮದುವೆ. ಏರ್ಪಾಡೆಲ್ಲ ಸೆಹರಾ ಬಾಸಿಂಗದ್ದು. ಬಾಸಿಂಗದ ಮಾದರಿ ನೋಡಲು ಸೈಟು ತೆರೆದವಳು ಹಸಿರು ಸೀರೆಯ ಹೆಂಗಸನ್ನು ಕಂಡಳು. ಅಮ್ಮನ ವಿಷಯ ತಿಳಿಯುವವರೆಗೆ ಹಸೆಮಣೆ ಏರುವುದಿಲ್ಲ ಎಂದು ಈಗ ಪಟ್ಟು ಹಿಡಿದಿದ್ದಾಳೆ.

"ಯಾರು ತಗೊಂಡಿರ್ತಾರೆ, ಹೇಳು," ಎಂದ ಜೀಶಾನ್. "ನಂಗೆ ಮುನಾವರ್ ಮೇಲೇ ಡೌಟು. ಅವನ ಹತ್ರ ಇನ್ನೊಂದು ಕೀ ಇದೆ."

ಮುನಾವರ್ ಹಳೇ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸುವವನು.

"ಸೋಮವಾರ ಅವನು ಇಂದಿರಾನಗರದ ಎಂಗೇಜ್‌ಮೆಂಟಲ್ಲಿ ಲೈವ್ ನೋಡ್ಕೊಳ್ತಿದ್ದ. ಬೆಳಗ್ಗೆಯಿಂದ ಸಂಜೆ ತನಕ ಅವನ ದನಿ ಹೆಡ್‌ಫೋನಲ್ಲಿ ನಾನೇ ಕೇಳಿದ್ದೀನಿ. ಅವನಲ್ಲ."

"ಹಾಗಿದ್ರೆ ಪೀರಪ್ಪ."

ಪೀರಪ್ಪನ ಬಗ್ಗೆ ಅಂಬ್ರೀನಳಿಗೂ ಒಂದು ಮುಳ್ಳು ಚುಚ್ಚುತ್ತಿತ್ತು. ಹೋದ ಶನಿವಾರ ಅವನು ಮಗಳ ಜೊತೆ ಇಲ್ಲಿಗೆ ಬಂದಿದ್ದ. ಕಾವೇರಿ ಬಲವಂತ ಮಾಡಿ ತುಣುಕು ತೋರಿಸಿದಳು. ಅವನು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿ ನೋಡಿದ.

"ಯಾರೋ ಒಬ್ಬಾಕಿ," ಎಂದಿದ್ದ. "ಮುಖ ಹೋಲ್ತದ, ಅಷ್ಟೆ. ನಮ್ಮಾಕಿ ಹೋಗಿ ಭಾಳ ವರ್ಷ ಆದ್ವು ತಾಯಿ."

ಯಾರ ಮದುವೆ, ಯಾವ ವರ್ಷದ್ದು, ಒಂದನ್ನೂ ಅವನು ಕೇಳಲಿಲ್ಲ. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ಕೇಳಿದ್ದು ಒಂದೇ ಮಾತು: "ಇದರಾಗ ಮಾತು ಕೇಳ್ಸಂಗಿಲ್ಲೇನು?"

ಕೇಳಿಸುತ್ತಿರಲಿಲ್ಲ. ಪುಟಕ್ಕೆ ಹಾಕುವಾಗ ಮುನಾವರ್ ಎಲ್ಲ ತುಣುಕಿಗೂ ಶಹನಾಯಿ ಸೇರಿಸುತ್ತಿದ್ದ. ಆ ದಿನದ ಮಾತುಗಳೆಲ್ಲ ಅದರಡಿ ಮುಚ್ಚಿಹೋಗುತ್ತಿದ್ದವು. ಮೂಲದ ಮಾತು ಇದ್ದದ್ದು ಕ್ಯಾಸೆಟ್ಟಿನಲ್ಲಷ್ಟೇ.

"ಮಾತಿನ ಬಗ್ಗೆ ಅವರಿಗೆ ಭಯ ಇದೆ," ಎಂದಳು ಅಂಬ್ರೀನ್. "ಆದರೆ ಕದ್ದಿದ್ದು ಅವರಲ್ಲ. ಬೀರು ನೋಡು."

ಬೀರುವಿನಲ್ಲಿ ಕ್ಯಾಸೆಟ್ಟುಗಳು ಇಟ್ಟಿಗೆಯ ಹಾಗೆ ಒತ್ತಾಗಿ ಕೂತಿದ್ದವು. ಬೆನ್ನಿನ ಮೇಲಿನ ಚೀಟಿಗಳು ಎಂದೋ ಉದುರಿಹೋಗಿದ್ದವು. ಯಾವುದು ಯಾರ ಮದುವೆ ಎಂದು ತಿಳಿಯಲು ಮುನಾವರ್ ಒಂದೊಂದನ್ನೂ ಹಾಕಿ ನೋಡಬೇಕಾಗುತ್ತಿತ್ತು. ಕದ್ದವರು ಯಾವುದನ್ನೂ ಅಲುಗಿಸಿರಲಿಲ್ಲ. ಎರಡನೇ ಸಾಲಿನಿಂದ ಒಂದನ್ನು, ಬೇಕಾದ ಒಂದನ್ನೇ, ಎಳೆದುಕೊಂಡಿದ್ದರು. ಆ ಸಂದಿನಲ್ಲಿ ಮಾತ್ರ ಧೂಳು ಇರಲಿಲ್ಲ.

"ಇನ್ನೊಂದು," ಎಂದು ಅಂಬ್ರೀನ್ ಮೂಲೆಯ ಮೇಜಿನತ್ತ ಕೈ ತೋರಿಸಿದಳು.

ಮೇಜಿನ ಮೇಲೆ ಕೆಂಪು ಕಾರಿನ ಆಕಾರದ ಪುಟ್ಟ ಯಂತ್ರ. ಕಾರಿನ ಮುಚ್ಚಳ ಎತ್ತಿ ಕ್ಯಾಸೆಟ್ಟು ಇಟ್ಟರೆ ಗಿರ್ರನೆ ಸುತ್ತಿ ಮೊದಲಿಗೆ ತಂದುಕೊಡುತ್ತಿತ್ತು. ಶಫಿ ಯಾವ ಕಾಲದಲ್ಲೋ ನ್ಯಾಷನಲ್ ಮಾರ್ಕೆಟಿನಿಂದ ತಂದದ್ದು. ಅದಕ್ಕೆ ಅಮ್ಮಿಯೇ ಹೊಲಿದುಕೊಟ್ಟಿದ್ದ ಹೂವಿನ ಬಟ್ಟೆಯ ಗವಸು ಸದಾ ಹೊದ್ದಿರುತ್ತಿತ್ತು. ಮಂಗಳವಾರ ಬೆಳಗ್ಗೆ ಅಂಬ್ರೀನ್ ಬಂದಾಗ ಗವಸು ನೀಟಾಗಿ ಮಡಿಸಿ ಪಕ್ಕದಲ್ಲಿತ್ತು. ಯಂತ್ರದ ವೈರು ಪ್ಲಗ್ಗಿನಲ್ಲಿತ್ತು.

"ಆ ಕ್ಯಾಸೆಟ್ಟು ಅರ್ಧಕ್ಕೆ ನಿಂತಿತ್ತು, ಮುನಾವರ್ ಹಾಗೇ ಬಿಟ್ಟಿದ್ದ," ಎಂದಳು ಅವಳು. "ಬಂದವರು ಅದನ್ನ ರಿವೈಂಡ್ ಮಾಡಿ ತಗೊಂಡ್ಹೋಗಿದ್ದಾರೆ. ಯಾವ ಕಳ್ಳ ಹಾಗೆ ಮಾಡ್ತಾನೆ ಜೀಶಾನ್?"

ಜೀಶಾನನ ಮುಖದ ಬಣ್ಣ ಇಳಿಯಿತು. ರಿವೈಂಡ್ ಮಾಡದೆ ಕ್ಯಾಸೆಟ್ಟು ಹಿಂದಿರುಗಿಸಿದ ಗಿರಾಕಿಗಳನ್ನು ಮೆಟ್ಟಿಲವರೆಗೂ ಬೈದುಕೊಂಡು ಬರುತ್ತಿದ್ದ ಒಬ್ಬನೇ ಒಬ್ಬನನ್ನು ಅವನು ಬಲ್ಲ.

"ನಾನು ಕೇಳ್ಲಾ?" ಎಂದ, ದನಿ ತಗ್ಗಿಸಿ.

"ಬೇಡ. ನೀನು ಕೇಳಿದ್ರೆ ಅದು ಅಪ್ಪಮಗನ ಜಗಳ ಆಗುತ್ತೆ. ನಾನು ಹೋಗ್ತೀನಿ."

ಕೆಳಗಿಳಿಯುವಾಗ ಮೆಟ್ಟಿಲಲ್ಲಿ ಅವಳ ತಂಗಿ ಶೀಬಾ ಎದುರಾದಳು, ಕತ್ತಿನಲ್ಲಿ ಕ್ಯಾಮೆರಾ, ಕೈಯಲ್ಲಿ ಬಾಸಿಂಗದ ಡಬ್ಬಿ. ಅಂಬ್ರೀನ್‌ಗಿಂತ ಹತ್ತು ವರ್ಷ ಚಿಕ್ಕವಳು. ಸೈಟಿನ ಫೋಟೋಗಳೆಲ್ಲ ಅವಳದೇ ಕೈಚಳಕ.

"ಆಪಾ, ಕಾವೇರಿ ಮತ್ತೆ ಮತ್ತೆ ಫೋನ್ ಮಾಡ್ತಿದ್ದಾಳೆ. ಏನ್ ಹೇಳ್ಲಿ?"

"ಸಂಜೆ ಒಳಗೆ ನಾನೇ ಮಾಡ್ತೀನಿ ಅಂತ ಹೇಳು."

ಶಫಿ ಡಾರ್ಕ್‌ರೂಮಿನಲ್ಲಿದ್ದ. ಫಿಲಂ ತೊಳೆಯುವ ಕಾಲ ಮುಗಿದು ವರ್ಷಗಳಾದರೂ ಮಧ್ಯಾಹ್ನದ ನಮಾಜ್ ಮುಗಿಸಿ ಅಲ್ಲಿ ಹೋಗಿ ಕೂರುವುದನ್ನು ಅವನು ಬಿಟ್ಟಿರಲಿಲ್ಲ. ಕೆಂಪು ಬಲ್ಬು ಉರಿಯುತ್ತಿತ್ತು. ಖಾಲಿ ತಟ್ಟೆಗಳಿಂದ ಇನ್ನೂ ಹುಳಿ ಹುಳಿ ರಾಸಾಯನಿಕದ ವಾಸನೆ. ಚಿಕ್ಕವಳಿದ್ದಾಗ ಅಮ್ಮಿಯ ಸೆರಗು ಹಿಡಿದು ಅಂಬ್ರೀನ್ ಇಲ್ಲಿಗೆ ಬಂದಿದ್ದಳು. ಬಿಳಿ ಹಾಳೆಯೊಳಗಿನಿಂದ ತನ್ನದೇ ಮುಖ ಮೆಲ್ಲಗೆ ಎದ್ದು ಬಂದದ್ದನ್ನು ಕಂಡು ಹೆದರಿ ಅತ್ತಿದ್ದಳು. ಆಗ ಶಫಿ ಮಾವನಾಗಿರಲಿಲ್ಲ, ಅಮ್ಮಿ ಅಣ್ಣನಂತೆ ಕಾಣುತ್ತಿದ್ದ ಫೋಟೋದ ಶಫಿಭಾಯ್.

ಅವನು ಮಡಿಲಲ್ಲಿ ಹಳೇ ಲೆನ್ಸು ಇಟ್ಟುಕೊಂಡು ಒರೆಸುತ್ತಿದ್ದ. ಅವಳು ಚಹಾದ ಲೋಟ ಪಕ್ಕಕ್ಕಿಟ್ಟು ಸ್ಟೂಲಿನ ಮೇಲೆ ಕೂತಳು.

"ಅಬ್ಬಾ, ಕದಿಯೋಕೆ ಬಂದವರು ರಿವೈಂಡ್ ಯಾಕೆ ಮಾಡ್ತಾರೆ?"

ಒರೆಸುತ್ತಿದ್ದ ಬಟ್ಟೆ ನಿಂತಿತು. ಶಫಿ ತಲೆ ಎತ್ತದೆ ನಕ್ಕ. ಸಿಕ್ಕಿಬಿದ್ದವನ ನಗುವಲ್ಲ, ದಣಿದವನದು.

"ಅಭ್ಯಾಸ ಬೇಟಾ. ಅರ್ಧಕ್ಕೆ ನಿಂತ ಟೇಪು ಹಾಗೇ ಇಟ್ರೆ ಕೆಟ್ಟುಹೋಗುತ್ತೆ."

"ಬೀಗ ಮುರಿದಿದ್ರೆ ಹೊರಗಿನವರು ಅನ್ಕೊಳ್ತಿದ್ವಿ."

"ಅದೂ ತಲೆಗೆ ಬಂತು. ನನ್ನ ಅಂಗಡಿ ಬೀಗ ನಾನೇ ಮುರಿಯೋಕೆ ಮನಸ್ಸು ಬರ್ಲಿಲ್ಲ."

ಗಲ್ಲಿಯಲ್ಲಿ ಯಾರೋ ದುಪಟ್ಟಾದ ಬೆಲೆ ಕೂಗುತ್ತ ಹೋದರು.

"ಆ ಹುಡುಗಿ ಮದುವೆ ಭಾನುವಾರ," ಎಂದಳು ಅಂಬ್ರೀನ್. "ಅಮ್ಮ ಬದುಕಿದ್ದಾಳೋ ಇಲ್ವೋ ಗೊತ್ತಿಲ್ದೆ ಅವಳು ಕೂರಲ್ಲ. ನಿಮಗೆ ಗೊತ್ತಿದೆ. ಹೇಳಿ."

"ನಕ್ಕೋ ಬೇಟಾ, ಕೇಳ್ಬೇಡ. ನಾನು ಶಕೀಲಾಗೆ ಮಾತು ಕೊಟ್ಟಿದ್ದೀನಿ."

"ಅಮ್ಮಿ ಇವತ್ತಿಲ್ಲ."

"ಅದಕ್ಕೇ. ಇದ್ದಿದ್ರೆ, ಆ ಮಾತಿಂದ ಬಿಡಿಸು ತಾಯಿ ಅಂತ ಕೇಳ್ತಿದ್ದೆ."

"ಕಾವೇರಿಗೆ ಅಮ್ಮ ಇವತ್ತು ಬೇಕು ಅಬ್ಬಾ. ನಂಗೆ ನಮ್ಮಮ್ಮಿ ನಗೋದು ನೋಡ್ಬೇಕು ಅಂದ್ರೆ ಒಂದು ನಿಮಿಷದ ತುಣುಕಾದ್ರೂ ಇದೆ. ಅವಳಿಗೆ ಅದೂ ಸುಳ್ಳು ಅಂತ ಅವರಪ್ಪ ಹೇಳ್ತಿದ್ದಾರೆ."

ಶಫಿ ಲೆನ್ಸನ್ನು ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದ. ಮುಚ್ಚಳ ಸರಿಯಾಗಿ ಕೂರಲಿಲ್ಲ, ಮತ್ತೆ ತೆಗೆದು ಹಾಕಿದ.

"ಪೀರಪ್ಪ ಕೆಟ್ಟವನಲ್ಲ," ಎಂದ ಕೊನೆಗೆ. "ಶೇಷಮ್ಮನ್ನ ಇಲ್ಲಿಗೆ ತಂದುಬಿಟ್ಟವನೇ ಅವನು. ಹೆಂಡತಿ ತೀರಿಹೋದಳು ಅಂತ ಬೀದಿಗೆಲ್ಲ ಹೇಳಿ ಎರಡು ವರ್ಷ ಆಗಿತ್ತು. ಒಂದು ದಿನ ಸ್ಕೂಟರಲ್ಲಿ ಅದೇ ಹೆಂಡತೀನ ಕೂರಿಸ್ಕೊಂಡು ಶಕೀಲಾ ಬಾಗಿಲಿಗೆ ಬಂದ. ಶೇಷಮ್ಮ ರಸ್ಸೆಲ್ ಮಾರ್ಕೆಟ್ ಹತ್ರ ಹೂ ಮಾರ್ತಿದ್ದ ಕಾಲದಿಂದ ಶಕೀಲಾಗೆ ಗುರ್ತು. ಶಕೀಲಾ ನನ್ನನ್ನ ಕೇಳಿದ್ಲು. ಮೇಲಿನ ಕೋಣೆ ಖಾಲಿ ಇತ್ತು, ಕೊಟ್ಟೆ."

"ಮೇಲಿನ ಕೋಣೆ ಅಂದ್ರೆ ನಮ್ಮ ಆಫೀಸು?"

"ಹೂಂ. ನಿನ್ನ ಮೇಜು ಇರೋ ಕಡೆ ಅವಳ ಚಾಪೆ ಇರ್ತಿತ್ತು."

ಅಂಬ್ರೀನಳಿಗೆ ಅಮ್ಮಿಯ ಸ್ಟೀಲ್ ಟಿಫನ್ ಕ್ಯಾರಿಯರ್ ನೆನಪಾಯಿತು. ಆ ವರ್ಷ ಮಧ್ಯಾಹ್ನ ಶಾಲೆಯಿಂದ ಬಂದಾಗಲೆಲ್ಲ ಅಮ್ಮಿ ಅದನ್ನು ದುಪಟ್ಟಾದಡಿ ಮುಚ್ಚಿಕೊಂಡು ಸ್ಟುಡಿಯೋ ಕಡೆ ಹೊರಟಿರುತ್ತಿದ್ದಳು. ನಾನೂ ಬರ್ತೀನಿ ಎಂದರೆ, ಎಂದೂ ಗದರದ ಅಮ್ಮಿ, ಗದರುತ್ತಿದ್ದಳು. ಕ್ಯಾರಿಯರಿನಿಂದ ಬರುತ್ತಿದ್ದ ಖಟ್ಟೀ ದಾಲಿನ ಹುಳಿ ವಾಸನೆಯ ಹಿಂದೆ ಮೂಲೆಯವರೆಗೂ ಹೋಗಿ ಅವಳು ವಾಪಸ್ಸು ಬರುತ್ತಿದ್ದಳು.

"ಯಾರಿಗೆ ಹೆದರಿ ಬಚ್ಚಿಟ್ಕೊಂಡಿದ್ಲು?"

"ಅದು ಶಕೀಲಾಗೆ ಮಾತ್ರ ಗೊತ್ತಿತ್ತು. ನಾನು ಕೇಳ್ಲಿಲ್ಲ."

"ಮತ್ತೆ ಮದುವೆಗೆ ಯಾಕೆ ಬಂದ್ಲು, ಅಷ್ಟು ಜನರ ನಡುವೆ?"

"ಶಕೀಲಾನೇ ಕರ್ಕೊಂಡ್ಬಂದ್ಲು. ತಂಗಿ ಮದುವೆ ಮನೆ, ಹಿಂದಿನ ಅಂಗಳದಲ್ಲಿ ಹೆಂಗಸರು ಮಾತ್ರ, ಒಂದು ದಿನ ಬೆಳಕು ನೋಡ್ಲಿ ಅಂತ. ನಾನು ಕ್ಯಾಮೆರಾ ತಿರುಗಿಸ್ದಾಗ ಅವಳು ಬುಟ್ಟಿ ಎಳೆದು ಮಡಿಲಿಗೆ ಇಟ್ಕೊಂಡ್ಲು." ಶಫಿ ಸ್ವಲ್ಪ ತಡೆದ. "ಆ ಬುಟ್ಟಿ ಹೂವಿಗಲ್ಲ ಬೇಟಾ. ಅವಳು ಆಗ ತುಂಬು ಬಸುರಿ."

ಅಂಬ್ರೀನ್ ಆ ಚಿತ್ರವನ್ನು ಎಷ್ಟು ಸಲ ನಿಲ್ಲಿಸಿ ನೋಡಿದ್ದಳು. ಹುಬ್ಬು ನೋಡಿದ್ದಳು, ಸೀರೆಯ ಅಂಚು ನೋಡಿದ್ದಳು. ಬುಟ್ಟಿ ಅಷ್ಟು ಎತ್ತರಕ್ಕೆ ಯಾಕೆ ಕೂತಿದೆ ಎಂದು ನೋಡಿರಲಿಲ್ಲ.

"ಮನೆಯವರಿಗೆ ಕೊಟ್ಟ ಕಾಪಿಯಲ್ಲಿ ಅವಳಿರೋ ಜಾಗ ಎಲ್ಲ ಕತ್ತರಿಸ್ದೆ," ಎಂದ ಶಫಿ. "ಮೂಲದ್ದನ್ನ ಕತ್ತರಿಸೋಕೆ ಕೈ ಬರ್ಲಿಲ್ಲ. ಅದು ನನ್ನ ತಪ್ಪೋ ಸರಿಯೋ ಆ ಅಲ್ಲಾಹ್‌ಗೇ ಗೊತ್ತು. ಕ್ಯಾಮೆರಾ ಮೈಕು ಹತ್ರದ ಮಾತನ್ನೆಲ್ಲ ಹಿಡೀತಿತ್ತು. ಹೂ ಕಟ್ಟುತ್ತ ಇಬ್ಬರೂ ಒಂದು ಮಾತಾಡ್ಕೊಂಡ್ರು. ಅವಳು ಕೇಳಿದ್ಲು, ಶಕೀಲಾ ಆಯ್ತು ಅಂದ್ಲು. ರಾತ್ರಿ ಟೇಪು ನೋಡಿದಾಗ ನಂಗೂ ಗೊತ್ತಾಯ್ತು."

"ಏನು ಕೇಳಿದ್ಲು?"

ಹೇಳಲ್ಲ ಎಂಬಂತೆ ಶಫಿ ತಲೆಯಾಡಿಸಿದ.

"ಕ್ಯಾಸೆಟ್ಟು ಕೊಡಿ. ನಾನೇ ಕೇಳಿಸ್ಕೊಳ್ತೀನಿ."

"ನನ್ನ ಹತ್ರ ಇಲ್ಲ."

"ಅಬ್ಬಾ."

"ಕೊಟ್ಟುಬಿಟ್ಟೆ ಬೇಟಾ. ಅದು ಯಾರದೋ ಅವರಿಗೇ." ಅವನು ಅವಳು ಕೂತಿದ್ದ ಸ್ಟೂಲಿನತ್ತ ನೋಡಿದ. "ನಿನ್ನೆ, ನೀವಿಬ್ಬರೂ ಹಲಸೂರಿನ ಛತ್ರ ನೋಡೋಕೆ ಹೋದಾಗ, ಅಲ್ಲೇ ಕೂತಿದ್ಲು ಶೇಷಮ್ಮ. ತಲೆ ಎಲ್ಲ ನೆರೆತಿದೆ. ಹುಬ್ಬಿನ ಗೆರೆ ನೋಡಿ ಗುರ್ತು ಹಿಡಿದೆ. ನಿಮ್ಮ ಸೈಟು ಯಾರೋ ತೋರಿಸಿದ್ರಂತೆ. ಹೋದ ವಾರ ಫೋನ್ ಮಾಡಿ, ಭಾಯ್, ಆ ಟೇಪು ತೆಗೆದಿಡಿ, ಬಂದು ತಗೊಳ್ತೀನಿ ಅಂದಿದ್ಲು. ಅದಕ್ಕೇ ತೆಗೆದಿಟ್ಟೆ."

ಅಂಬ್ರೀನ್ ತನಗರಿವಿಲ್ಲದೆ ಎದ್ದು ನಿಂತಿದ್ದಳು. ಬದುಕಿದ್ದಾಳೆ. ಕಾವೇರಿಗೆ ಹೇಳಬೇಕು, ಈಗಲೇ. ಅಮ್ಮ ನಿನ್ನೆ ನಮ್ಮ ಗಲ್ಲಿಯಲ್ಲೇ ಇದ್ದಳಂತೆ. ಹೇಳುವ ರೀತಿ ಹೇಗೆ ಎಂದು ತಿಳಿಯಲಿಲ್ಲ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ.

"ಆ ಮಗು ಏನಾಯ್ತು?"

ಶಫಿ ಬಾಯಿ ತೆರೆದ. ಅಷ್ಟರಲ್ಲಿ ಬಾಗಿಲ ಪರದೆ ಸರಿಯಿತು. ಶೀಬಾ. ಕೈಯಲ್ಲಿ ಆಫೀಸಿನ ಫೋನು, ಸ್ಪೀಕರ್ ಹಾಕಿತ್ತು.

"ಸಾರಿ ಆಪಾ, ಕಾವೇರಿ ಕೇಳ್ತಾನೇ ಇಲ್ಲ. ಅರ್ಜೆಂಟಂತೆ."

"ಹೇಳು ಕಾವೇರಿ," ಎಂದಳು ಅಂಬ್ರೀನ್. "ನಾನೇ ಮಾಡೋಳಿದ್ದೆ. ಒಂದು ವಿಷಯ ಇದೆ, ಮೊದಲು ಕೂತ್ಕೋ."

"ಕೂತಿದ್ದೀನಿ ಅಕ್ಕ." ಅತ್ತು ಅತ್ತು ಕಟ್ಟಿದ ದನಿ, ಆದರೂ ಒಳಗೆಲ್ಲೋ ನಗುವಿತ್ತು. "ಅಮ್ಮ ಬಂದಿದ್ದಾರೆ. ನಮ್ಮನೇಲಿದ್ದಾರೆ. ನನ್ನ ಕೈ ಹಿಡ್ಕೊಂಡು ಕೂತಿದ್ದಾರೆ."

ಅಂಬ್ರೀನ್ ಫೋನಿನತ್ತ ಇನ್ನೂ ಹತ್ತಿರ ಬಾಗಿದಳು.

"ನಿಮ್ಮಪ್ಪ?"

"ಹೊರಗೆ ಮೆಟ್ಟಿಲ ಮೇಲೆ ಕೂತ್ಬಿಟ್ಟಿದ್ದಾರೆ. ಒಂದು ಮಾತೂ ಆಡಿಲ್ಲ. ಅಕ್ಕ, ಅಮ್ಮ ಭಾನುವಾರ ಧಾರೆಗೆ ಇರ್ತೀನಿ ಅಂದಿದ್ದಾರೆ. ಆದರೆ ಅದಕ್ಕೆ ಮುಂಚೆ ಒಂದು ಕೆಲ್ಸ ಇದೆಯಂತೆ. ಶಕೀಲಾ ಬೇಗಂ ಮಗಳನ್ನ ನೋಡ್ಬೇಕಂತೆ."

ಅಮ್ಮಿಯ ಹೆಸರನ್ನು ಹೊರಗಿನವರ ಬಾಯಲ್ಲಿ ಅಂಬ್ರೀನ್ ಕೇಳಿ ಎಷ್ಟೋ ಕಾಲವಾಗಿತ್ತು.

"ಅವಳೇ ಮಾತಾಡ್ತಿರೋದು ಅಂತ ಹೇಳು ಕಾವೇರಿ. ಈಗಲೇ ಹೊರಟು ಬರ್ತೀನಿ."

ಆ ಕಡೆ ಫೋನು ಕೆಳಗಿಟ್ಟ ಸದ್ದು. ತಗ್ಗಿದ ದನಿಯಲ್ಲಿ ಯಾರೋ ಏನೋ ಹೇಳಿದರು. ಮಾತು ತಿಳಿಯಲಿಲ್ಲ, ಸೇಡಂ ಸೀಮೆಯ ರಾಗ ಮಾತ್ರ ತಿಳಿಯಿತು. ಕಾವೇರಿ ಮತ್ತೆ ಫೋನು ಎತ್ತಿಕೊಂಡಳು.

"ನೀವಲ್ಲವಂತೆ ಅಕ್ಕ. ಚಿಕ್ಕವಳಂತೆ."

ಖಾಲಾ ಮದುವೆಯಾದ ವರ್ಷವೇ ಅಮ್ಮಿ ಎಳೆಗೂಸು ಶೀಬಾಳನ್ನು ಮನೆಗೆ ತಂದದ್ದು ಅಂಬ್ರೀನಳಿಗೆ ನೆನಪಾಯಿತು. ಅಂಗೈಯಲ್ಲಿ ಫೋನು ಹಿಡಿದಿದ್ದ ಶೀಬಾ ಅಕ್ಕನ ಮುಖ ನೋಡಿದಳು. ಅಲ್ಲಿ ಏನನ್ನು ಕಂಡಳೋ, ಶಫಿಯತ್ತ ತಿರುಗಿದಳು.

"ನಾನ್ಯಾಕೆ?" ಎಂದಳು.

ಶಫಿ ಖಾಲಿ ಸ್ಟೂಲನ್ನು ಅವಳತ್ತ ಸರಿಸಿದ.